ವಿಜಯ ದಿವಸದ ವಿಡಿಯೋ ಮತ್ತು ನಮ್ಮ ಮನೆಯ ಗುಂಪು

ಡಿಸೆಂಬರ್ 16ರ ಬೆಳಿಗ್ಗೆ ಚಿಕ್ಕಪ್ಪ ನಮ್ಮ ಮನೆಯ ಗುಂಪಿಗೆ ಒಂದು ವಿಡಿಯೋ ಹಾಕಿದರು. ನಮ್ಮ ಕಡೆಯ ರಾಜಕಾರಣಿಯೊಬ್ಬರು ಪಾಕಿಸ್ತಾನದ ಮೇಲಿನ 1971ರ ಗೆಲುವನ್ನು ನೆನೆಯುವ ವಿಜಯ ದಿವಸದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ. ವಿಡಿಯೋ ಜೊತೆ ಯಾರೋ ಸೇರಿಸಿದ ಸಾಲುಗಳೂ ಇದ್ದವು: "ಯೋಧರು ರಕ್ತ ಕೊಟ್ಟ ನೆಲ ಧರ್ಮಛತ್ರ ಅಲ್ಲ. ನಿರಾಶ್ರಿತರನ್ನು ಹೊರಗೆ ಹಾಕಿ. ಒಪ್ಪುವವರು ಹತ್ತು ಜನಕ್ಕೆ ಕಳಿಸಿ." ಆಮೇಲೆ ನಡೆದದ್ದು ಇದು.

ಚಿಕ್ಕಪ್ಪ: ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ಈಗ ಇವರೂ ಹೇಳಿದರು ನೋಡಿ.

ಭಾವ: ಯಾವ ವರ್ಷದ್ದು ಇದು? ಪೇಪರಿನಲ್ಲಿ ಬಂದಿದೆಯಾ?

ಚಿಕ್ಕಪ್ಪ: ಕಣ್ಣೆದುರೇ ಮಾತಾಡುತ್ತಿದ್ದಾರಲ್ಲ ಅಳಿಯಂದ್ರೇ, ಪೇಪರ್ ಯಾಕೆ?

ಭಾವ: ಬದುಕಿರುವ ನಟನಿಗೆ ಎಲ್ಲರೂ ಸೇರಿ ಶ್ರದ್ಧಾಂಜಲಿ ಹಾಕಿದ್ದು ಇದೇ ಗುಂಪಿನಲ್ಲಿ. ಅದಕ್ಕೇ ಕೇಳಿದೆ.

ಚಿಕ್ಕಪ್ಪ: ಅದನ್ನು ಹಾಕಿದವನು ಸಂತೋಷ. ನನ್ನ ತಲೆಗೆ ಕಟ್ಟಬೇಡಿ.

ದೊಡ್ಡಪ್ಪ: ಹುತಾತ್ಮರನ್ನು ನೆನೆಯುವ ದಿನ ಕಿತ್ತಾಡುವುದು ಶೋಭೆಯಲ್ಲ. ಹಸಿದು ಬಂದವರಿಗೆ ಅನ್ನ ಹಾಕುವ ಮನೆತನ ನಮ್ಮದು. ಹಾಗಂತ ಬಾಗಿಲು ತೆಗೆದಿಟ್ಟು ಮಲಗುವುದೂ ಅಲ್ಲ. ಈಗಿನ ಮಕ್ಕಳಿಗೆ ಯುದ್ಧ ಅಂದರೆ ಮೊಬೈಲ್ ಆಟ. ಎಲ್ಲರೂ ಒಂದು ನಿಮಿಷ ಮೌನ ಆಚರಿಸಿ, ಆಮೇಲೆ ಮಾತಾಡಿ.

ಸಂತೋಷ: ನಿರಾಶ್ರಿತರು ಅಂದ ಕೂಡಲೇ ಬೈಲಕುಪ್ಪೆ ನೆನಪಾಯಿತು! ಅತ್ತೆ, ಚಳಿಗಾಲದಲ್ಲಿ ಟಿಬೆಟಿಯನ್ನರ ಹತ್ತಿರ ನನಗೆ ಕೆಂಪು ಸ್ವೆಟರ್ ಕೊಡಿಸಿದ್ದಿರಿ. ಬೇಡ ಅಂತ ಎದ್ದು ಹೋಗುವುದು, ತಿರುಗಿ ಬರುವುದು, ಚೌಕಾಸಿ ಮುಗಿಯಲೇ ಇಲ್ಲ.

ಹುಣಸೂರು ಅತ್ತೆ: ಆ ಸ್ವೆಟರನ್ನು ನಿನ್ನ ಆಮೇಲೆ ವೀಣಾ ಹಾಕಿಕೊಂಡಳು, ಅವಳ ತಮ್ಮನೂ ಹಾಕಿಕೊಂಡ. ಒಂದು ಎಳೆ ಕಿತ್ತು ಬರಲಿಲ್ಲ. ಪಾಪ, ಆ ಜನ ಯಾರ ತಂಟೆಗೂ ಬಂದವರಲ್ಲ. ಕ್ಯಾಂಪಿನ ಸುತ್ತ ಆಗ ಬರೀ ಮುಸುಕಿನ ಜೋಳದ ಹೊಲ.

ಚಿಕ್ಕಪ್ಪ: ಬೈಲಕುಪ್ಪೆಗೆ ಹೋಗಲು ನಿಮಗೆ ಯಾವಾಗಲೂ ಪುರುಸೊತ್ತು. ನನ್ನ ಗೃಹಪ್ರವೇಶಕ್ಕೆ ಇರಲಿಲ್ಲ.

ಹುಣಸೂರು ಅತ್ತೆ: ಕಾರ್ಡು ಕಳಿಸಿದ್ದು ಹಿಂದಿನ ದಿನ! ಅದನ್ನು ಇಲ್ಲಿ ಎತ್ತಬೇಡ.

ಇಷ್ಟು ಹೊತ್ತಾದರೂ ಯಾರೂ ವಿಡಿಯೋ ಪೂರ್ತಿ ನೋಡಿರಲಿಲ್ಲ. ನಾನು ನೋಡಿದೆ. ಮೊದಲ ಭಾಗದಲ್ಲಿ ಅವರು ನುಸುಳುಕೋರರ ಮೇಲೆ ಜೋರಾಗಿಯೇ ಕೂಗುತ್ತಾರೆ. ಕೊನೆಗೆ ದನಿ ಇಳಿಸಿ, ಜೀವ ಉಳಿಸಿಕೊಳ್ಳಲು ಓಡಿ ಬಂದವರು ಯಾರು, ಕದ್ದು ನುಗ್ಗಿದವರು ಯಾರು ಅಂತ ಬೇರೆ ಮಾಡುವ ಒಂದು ಕಾನೂನು ನಮಗೆ ಬೇಕು ಅನ್ನುತ್ತಾರೆ. ಹೊರಗೆ ಹಾಕಿ ಎಂಬ ಮಾತು ಭಾಷಣದಲ್ಲಿ ಎಲ್ಲೂ ಇಲ್ಲ. ನನಗೆ ಸುಮ್ಮನಿರಲು ಆಗಲಿಲ್ಲ.

ನಾನು: ಚಿಕ್ಕಪ್ಪ, ಮೇಲಿನ ಸಾಲು ಬೇರೆ, ಭಾಷಣ ಬೇರೆ. ಇವತ್ತು ನಾವು ನೆನೆಯುತ್ತಿರುವ ಯುದ್ಧ ಯಾಕೆ ಆಯಿತು ಅಂತ ಯೋಚಿಸಿ. 1971ರ ಮಾರ್ಚ್ 25ರ ರಾತ್ರಿ, ಈಗಿನ ಬಾಂಗ್ಲಾದೇಶ, ಆಗಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಜನರನ್ನು ಕೊಲ್ಲಲು ಶುರು ಮಾಡಿತು. ಮುಂದಿನ ತಿಂಗಳುಗಳಲ್ಲಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ಅವರನ್ನು ನಾವು ಗುಂಡು ಹಾರಿಸಿ ಓಡಿಸಲಿಲ್ಲ. ಪಾಕಿಸ್ತಾನದ 93,000 ಜನ ಸೆರೆಯಾದರು ಅಂತ ಪ್ರತಿ ವರ್ಷ ಹೆಮ್ಮೆಯಿಂದ ಹೇಳುತ್ತೇವೆ, ಆ ಒಂದು ಕೋಟಿಯನ್ನು ಮರೆಯುತ್ತೇವೆ. ಅತ್ತೆ ಪಾಪ ಅಂದ ಟಿಬೆಟಿಯನ್ನರಿಗೂ ಆ ಯುದ್ಧದಲ್ಲಿ ಪಾಲಿದೆ. 1962ರಲ್ಲಿ ಟಿಬೆಟಿಯನ್ ನಿರಾಶ್ರಿತರನ್ನು ಸೇರಿಸಿಕೊಂಡು ಕಟ್ಟಿದ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್, 71ರಲ್ಲಿ ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್ ಗುಡ್ಡಗಳಲ್ಲಿ ನಮ್ಮ ಪರವಾಗಿ ಹೋರಾಡಿತು. ಅವರಲ್ಲೂ ಪ್ರಾಣ ಕೊಟ್ಟವರಿದ್ದಾರೆ. ಯೋಧರು ರಕ್ತ ಕೊಟ್ಟ ನೆಲ ಅನ್ನುವಾಗ ಅವರ ರಕ್ತವೂ ಲೆಕ್ಕಕ್ಕೆ ಬರಬೇಕು.

ಭಾವ: ವೀಣಾ, ಇದಕ್ಕೆ ಆಧಾರ?

ನಾನು: ಅವರ ಕಮಾಂಡರ್ ಆಗಿದ್ದ ಮೇಜರ್ ಜನರಲ್ ಉಬಾನ್ ಅವರೇ ಆಮೇಲೆ ಬರೆದಿದ್ದಾರೆ ಭಾವ. ಗುಟ್ಟಿನ ಪಡೆ ಆಗಿದ್ದರಿಂದ ಜಾಸ್ತಿ ಜನಕ್ಕೆ ಗೊತ್ತಾಗಲಿಲ್ಲ.

ಚಿಕ್ಕಪ್ಪ: ಆ ಒಂದು ಕೋಟಿ ಜನ ಯುದ್ಧ ಮುಗಿದ ಮೇಲೆ ವಾಪಸ್ ಹೋದರು. ಈಗ ಬರುವವರು ಹೋಗುತ್ತಾರಾ? ಓದಿದವರಿಗೆಲ್ಲ ದೇಶದ ಮೇಲೆ ಸಿಟ್ಟು.

ನಾನು: ಹೆಚ್ಚಿನವರು ವಾಪಸ್ ಹೋದದ್ದು ನಿಜ. ಬಂದವರನ್ನೆಲ್ಲ ಕಣ್ಣು ಮುಚ್ಚಿ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ನಿರಾಶ್ರಿತರ ಬಗ್ಗೆ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಶ್ರಯ ಕೇಳುವವರಿಗೆ ಅಂತಲೇ ನಮ್ಮಲ್ಲಿ ಒಂದು ಕಾನೂನೂ ಇಲ್ಲ. ಟಿಬೆಟಿಯನ್ನರಿಗೆ ಒಂದು ರೀತಿ, ತಮಿಳುನಾಡಿನ ಕ್ಯಾಂಪಿನಲ್ಲಿರುವ ಲಂಕಾ ತಮಿಳರಿಗೆ ಇನ್ನೊಂದು ರೀತಿ. 2019ರ ಪೌರತ್ವ ತಿದ್ದುಪಡಿಯಲ್ಲಿ ಈ ಇಬ್ಬರೂ ಬರುವುದಿಲ್ಲ, ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಆರು ಧರ್ಮದವರಿಗೆ ಮಾತ್ರ. ಭಾಷಣ ಮಾಡಿದವರು ಕೇಳಿದ್ದು ಈ ಗೊಂದಲಕ್ಕೆ ಒಂದು ದಾರಿ. ಅಷ್ಟರ ಮಟ್ಟಿಗೆ ಅವರ ಮಾತು ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಸಂತೋಷ: ಈ ಸಲ ಎಲ್ಲರೂ ಸೇರಿ ಬೈಲಕುಪ್ಪೆಗೆ ಹೋಗೋಣ್ವಾ?

ದೊಡ್ಡಪ್ಪ ಒಂದು ಫೋಟೋ ಹಾಕಿದರು. ಹಳದಿ ತಿರುಗಿದ ಲಕೋಟೆ, 1972ರ ಜನವರಿಯ ಮುದ್ರೆ. ಮಾಮೂಲಿ ಸ್ಟಾಂಪಿನ ಪಕ್ಕ ಇನ್ನೊಂದು ಸಣ್ಣ ಸ್ಟಾಂಪು, ಅದರಲ್ಲಿ ನಿರಾಶ್ರಿತರ ಚಿತ್ರ, 5 ಪೈಸೆ.

ದೊಡ್ಡಪ್ಪ: ನಿರಾಶ್ರಿತರ ಪರಿಹಾರಕ್ಕೆ ಅಂತ ಆಗ ಲಕೋಟೆಗೆಲ್ಲ 5 ಪೈಸೆ ಜಾಸ್ತಿ ಅಂಟಿಸಬೇಕಿತ್ತು. ಬೇಡ ಅನ್ನುವ ಹಾಗಿರಲಿಲ್ಲ. ಈ ಕಾಗದ ನಮ್ಮಮ್ಮನಿಗೆ ಬಂದದ್ದು. ಬರೆದವನು ಹಾಸ್ಟೆಲಿನಲ್ಲಿದ್ದ ನನ್ನ ತಮ್ಮ. ಅವನೂ ಕೊಟ್ಟಿದ್ದಾನೆ.

ಚಿಕ್ಕಪ್ಪ: ಅಣ್ಣ, ಆ ಕಾಗದ ನಿನ್ನ ಹತ್ತಿರ ಹೇಗೆ ಬಂತು? ಅದು ಅಮ್ಮನ ಟ್ರಂಕಿನಲ್ಲಿತ್ತು. ಟ್ರಂಕು ನನ್ನ ಪಾಲಿಗೆ ಅಂತ ಆಗಿತ್ತು.

ಹುಣಸೂರು ಅತ್ತೆ: ಯಾರು ಹೇಳಿದ್ದು? ಟ್ರಂಕು ನನಗೆ ಅಂತ ಅಮ್ಮನೇ ಅಂದಿದ್ದಳು.

ಮಧ್ಯಾಹ್ನದವರೆಗೆ ಟ್ರಂಕಿನದೇ ಮಾತು. ನಾನು ಚಿಕ್ಕಪ್ಪನಿಗೆ ಗುಂಪಿನಲ್ಲೇ ಮತ್ತೆ ಬರೆದೆ, ವಿಡಿಯೋದ ಕಡೇ ಭಾಗ ಒಂದು ಸಲ ನೋಡಿ ಅಂತ. ಸಂಜೆ ಉತ್ತರ ಬಂತು.

ಚಿಕ್ಕಪ್ಪ: ನೋಡಿದೆ. ಕಾನೂನು ಬೇಕು ಅಂದಿದ್ದಾರೆ, ಒಪ್ಪುತ್ತೇನೆ. ಅದು ಬರುವವರೆಗೆ ಬಂದವರನ್ನು ಏನು ಮಾಡುವುದು ಅಂತ ಅವರೂ ಹೇಳಿಲ್ಲ, ನೀನೂ ಹೇಳಿಲ್ಲ.

ನಾನು: ಸಾಯುವ ಕಡೆಗೆ ವಾಪಸ್ ಕಳಿಸಬಾರದು. ಅಷ್ಟು ಮಾತ್ರ ಈಗಲೇ ಹೇಳಬಲ್ಲೆ.

ಚಿಕ್ಕಪ್ಪ: ಸರಿ. ಅಣ್ಣ, ಭಾನುವಾರ ಟ್ರಂಕು ತೆಗೆದುಕೊಂಡು ಹೋಗಲು ಬರುತ್ತೇನೆ.