ಗಾಡಿಯೊಳಗಿನ ಗ್ಯಾಸ್ ಅಲಾರಂ ನಡುರಾತ್ರಿ ಕೂಗುತ್ತದೆ, ಸೋರಿಕೆ ಮಾತ್ರ ಎಲ್ಲೂ ಸಿಗುತ್ತಿಲ್ಲ

ಪ್ರಶ್ನೆ – ಚಿಂತಾಮಣಿಯಿಂದ

ಮಾನ್ಯರೇ, ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಒಳಗಿನ ಸೀಟುಗಳನ್ನು ತೆಗೆಸಿ, ಎರಡು ಮಂಚ, ಪುಟ್ಟ ಅಡುಗೆಕಟ್ಟೆ, ನೀರಿನ ಟ್ಯಾಂಕ್ ಎಲ್ಲ ಕೂರಿಸಿ ಕ್ಯಾರವಾನ್ ಮಾಡಿಸಿಕೊಂಡಿದ್ದೇನೆ. 5 ಕೆಜಿ ಸಿಲಿಂಡರು ಹಿಂಬದಿಯಲ್ಲಿ, ಹೊರಗಿನಿಂದ ಮಾತ್ರ ಬಾಗಿಲು ತೆರೆಯುವ ಡಬ್ಬದಲ್ಲಿದೆ. ಗ್ಯಾಸ್ ಅಲಾರಂ ಅನ್ನು ಒಲೆಯ ಪಕ್ಕದ ಸೀಟುಪೆಟ್ಟಿಗೆಯ ಪ್ಲೈವುಡ್‌ಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಸ್ಕ್ರೂ ಹಾಕಿ ಕೂರಿಸಲಾಗಿದೆ. ಅದೇ ಪೆಟ್ಟಿಗೆಯೊಳಗೆ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದ್ದು, ಅಲಾರಮ್ಮಿಗೆ 12 ವೋಲ್ಟ್ ಅಲ್ಲಿಂದಲೇ ಬರುತ್ತದೆ.

ಮನೆಯಲ್ಲಿ ಮದುವೆಯ ನೆಂಟರು ತುಂಬಿರುವುದರಿಂದ ಮೂರು ವಾರಗಳಿಂದ ನಾನೂ ಮಗನೂ ಅಂಗಳದಲ್ಲಿ ನಿಲ್ಲಿಸಿದ ಗಾಡಿಯಲ್ಲೇ ಮಲಗುತ್ತಿದ್ದೇವೆ. ವಾರಕ್ಕೆ ಎರಡು ಮೂರು ಸಲ, ರಾತ್ರಿ ಎರಡು ಗಂಟೆಯ ನಂತರ, ಅಲಾರಂ ಎಡೆಬಿಡದೆ ಕೂಗುತ್ತದೆ. ಯಾವ ಸ್ವಿಚ್ಚನ್ನೂ ಮುಟ್ಟದೆ ಕತ್ತಲಲ್ಲೇ ಇಳಿದು ಬಾಗಿಲುಗಳನ್ನು ತೆರೆದಿಟ್ಟರೆ ಅರ್ಧ ಗಂಟೆಯಲ್ಲಿ ನಿಲ್ಲುತ್ತದೆ. ಗ್ಯಾಸ್ ಏಜೆನ್ಸಿಯ ಹುಡುಗ ಬಂದು ರೆಗ್ಯುಲೇಟರನ್ನೂ ರಬ್ಬರ್ ಪೈಪನ್ನೂ ಹೊಸದು ಹಾಕಿದ. ಸೋಪಿನ ನೀರು ಬಳಿದು ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಕೊನೆಗೆ ಸಿಲಿಂಡರನ್ನೇ ಬಿಚ್ಚಿ ಹಿತ್ತಲಲ್ಲಿಟ್ಟು ಮಲಗಿದೆ, ಆ ರಾತ್ರಿಯೂ ಕೂಗಿತು! ಅಪ್ಪ ಅದರ ವೈರನ್ನು ಕಿತ್ತುಹಾಕು ಎನ್ನುತ್ತಿದ್ದಾರೆ. ಮುಂದಿನ ತಿಂಗಳು ತಂದೆತಾಯಿಯನ್ನು ಕರೆದುಕೊಂಡು ಮಧುಗಿರಿಯ ಮೇಲೆ ಪಾವಗಡಕ್ಕೆ ಹೋಗಬೇಕಿದೆ. ಏನು ಮಾಡಲಿ?

ಉತ್ತರ – ತುಮಕೂರು, ವಾಹನಗಳ ವೈರಿಂಗ್ ಕೆಲಸದವನು

ಸ್ವಾಮಿ, ವೈರನ್ನು ಮಾತ್ರ ಕೀಳಬೇಡಿ. ಸಿಲಿಂಡರ್ ಇಲ್ಲದೆಯೂ ಕೂಗಿತು ಎಂಬ ಒಂದು ಮಾತಿನಿಂದ ತಾವು ಅರ್ಧ ದಾರಿ ಬಂದಿದ್ದೀರಿ. ಇಂಥ ಬಹುತೇಕ ಅಲಾರಂಗಳ ಒಳಗೆ ಟಿನ್ ಆಕ್ಸೈಡ್ ಲೇಪಿಸಿದ ಸಣ್ಣ ಸೆನ್ಸರ್ ಇರುತ್ತದೆ ಮತ್ತು ಅದನ್ನು ಒಂದು ಹೀಟರ್ ಸದಾ ಕಾಯಿಸುತ್ತಲೇ ಇರುತ್ತದೆ. ಉರಿಯುವ ಅನಿಲ ತಾಗಿದರೆ ಆ ಲೇಪದ ವಿದ್ಯುತ್ ರೋಧ ಕಡಿಮೆಯಾಗುತ್ತದೆ, ಅಲಾರಂ ಅದನ್ನೇ ಅಳೆಯುತ್ತದೆ. ಬ್ಯಾಟರಿ ಇಳಿದು ಹೀಟರಿಗೆ ಸಾಕಷ್ಟು ವೋಲ್ಟೇಜ್ ಸಿಗದಿದ್ದರೆ ಲೆಕ್ಕ ತಪ್ಪಿ, ಗ್ಯಾಸ್ ಇಲ್ಲದಿದ್ದರೂ ಕೆಲವು ಅಲಾರಂಗಳು ಕೂಗುತ್ತವೆ. ನನ್ನ ಬಳಿ ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಆದ್ದರಿಂದ ಒಂದು ಮಲ್ಟಿಮೀಟರ್ ತಂದು, ಬ್ಯಾಟರಿಯ ಟರ್ಮಿನಲ್‌ನಲ್ಲಿ ಅಲ್ಲ, ಅಲಾರಮ್ಮಿಗೆ ವೈರ್ ಸೇರುವ ಜಾಗದಲ್ಲೇ ಅಳೆಯಿರಿ. ಹಗಲಲ್ಲಿ ಅಳೆದರೆ ಪ್ರಯೋಜನವಿಲ್ಲ. ಫ್ಯಾನು, ಫ್ರಿಜ್ಜು ಓಡುತ್ತಿರುವಾಗ, ಅದು ಕೂಗುವ ಹೊತ್ತಿಗೆ ಸ್ವಲ್ಪ ಮೊದಲು ನೋಡಬೇಕು. ಸಪೂರ ವೈರಿನಲ್ಲಿ ಉದ್ದಕ್ಕೆ ಎಳೆದು ತಂದಿದ್ದರೆ ಬ್ಯಾಟರಿಯಲ್ಲಿ 12 ಇದ್ದದ್ದು ಇಲ್ಲಿಗೆ ಬರುವಾಗ 11ಕ್ಕೂ ಇಳಿದಿರಬಹುದು. ಇನ್ನೊಂದು ಮಾತು: ಎಡೆಬಿಡದ ಕೂಗೇ ಬೇರೆ, ಆಗಾಗ ಒಂದೊಂದೇ ಸಲ ಕೀಕ್ ಎನ್ನುವುದೇ ಬೇರೆ. ಎರಡನೆಯದಾದರೆ ಸಾಮಾನ್ಯವಾಗಿ ಸೆನ್ಸರಿನ ಆಯುಸ್ಸು ಮುಗಿದಿದೆ ಅಥವಾ ಅಲಾರಮ್ಮಿನಲ್ಲೇ ದೋಷವಿದೆ ಎಂದು ಅರ್ಥ.

ಉತ್ತರ – ಶ್ರೀನಿವಾಸಪುರ

ನಮ್ಮ ಗಾಡಿಯ ಕಥೆಯನ್ನೂ ಕೇಳಿ. ಹೋದ ವರ್ಷ ಬಾದಾಮಿ ಮಾವಿನ ಎರಡು ಕ್ರೇಟುಗಳನ್ನು ಮಂಚದ ಕೆಳಗಿಟ್ಟು ಮರೆತೆವು. ತಳದ ಹಣ್ಣುಗಳು ಕೊಳೆತು ಹೆಂಡದ ವಾಸನೆ ಬರತೊಡಗಿದ ದಿನವೇ ಅಲಾರಂ ಕೂಗಿತು. ಕ್ರೇಟುಗಳನ್ನು ಇಳಿಸಿ ನೆಲ ತೊಳೆದ ಮೇಲೆ ಸದ್ದಡಗಿತು. ಸ್ಯಾನಿಟೈಸರ್, ಥಿನ್ನರ್, ಫೆವಿಕಾಲ್ ತರಹದ ಅಂಟುಗಳ ಪೈಕಿ ಘಾಟು ಇರುವಂಥವು, ಇವೆಲ್ಲಕ್ಕೂ ಅದು ಕೂಗಬಲ್ಲದು. ಸೊಳ್ಳೆಗೆ ಹೊಡೆಯುವ ಸ್ಪ್ರೇ ಡಬ್ಬಿಯಂತೂ ಸರಿಯೇ ಸರಿ, ಏಕೆಂದರೆ ಬಹಳಷ್ಟು ಡಬ್ಬಿಗಳಲ್ಲಿ ಔಷಧವನ್ನು ಹೊರಕ್ಕೆ ತಳ್ಳುವುದು ಎಲ್‌ಪಿಜಿಯೇ. ಮಲಗುವ ಮುನ್ನ ತಾವು ಅಂಥದ್ದೇನಾದರೂ ಹೊಡೆಯುತ್ತೀರಾ?

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ನಾವು ಸೊಳ್ಳೆಪರದೆ ಕಟ್ಟುತ್ತೇವೆ, ಸ್ಪ್ರೇ ಇಲ್ಲ. ನಿನ್ನೆ ರಾತ್ರಿ ಎಚ್ಚರವಿದ್ದು ಅಳೆದೆ. ವೋಲ್ಟೇಜ್ ಕಡಿಮೆ ಇರುತ್ತದೆ ಎಂದುಕೊಂಡಿದ್ದರೆ ಮೀಟರಿನಲ್ಲಿ 15.1 ಬಂತು. ರಾತ್ರಿ ಹತ್ತಕ್ಕೆ ಮನೆಯಿಂದ ವೈರ್ ಎಳೆದು ಚಾರ್ಜಿಗೆ ಹಾಕಿ ಮಲಗುವುದು ನಮ್ಮ ರೂಢಿ. ಚಾರ್ಜರ್ ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯದು, ಗಾಡಿ ಕಟ್ಟಿದವರೇ ಕೊಟ್ಟದ್ದು. ಚಾರ್ಜಿಗೆ ಹಾಕದ ರಾತ್ರಿಗಳಲ್ಲಿ ಅಲಾರಂ ಕೂಗಿದ ನೆನಪು ನನಗಿಲ್ಲ ಎಂಬುದು ಈಗ ಹೊಳೆಯುತ್ತಿದೆ. ಪೆಟ್ಟಿಗೆಯ ಹಲಗೆಯ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು, ಸಂದಿಯಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಇದನ್ನೇ ನಾನು ಇಷ್ಟು ದಿನ ಗ್ಯಾಸ್ ವಾಸನೆ ಎಂದುಕೊಂಡಿದ್ದೆ.

ಉತ್ತರ – ಕೋಲಾರ, ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ

ದಯವಿಟ್ಟು ಇಂದಿನಿಂದಲೇ ಆ ಚಾರ್ಜರ್ ಬಳಸುವುದನ್ನು ನಿಲ್ಲಿಸಿ, ಮತ್ತು ಬ್ಯಾಟರಿಯ ವಿಷಯ ಇತ್ಯರ್ಥವಾಗುವವರೆಗೆ ಮಗನನ್ನು ಗಾಡಿಯಲ್ಲಿ ಮಲಗಿಸಬೇಡಿ. ಇನ್ನೊಮ್ಮೆ ಹೀಗಾದರೆ ಗಾಡಿಯೊಳಗೆ ಪ್ಲಗ್ ಕೀಳಲು ಹೋಗದೆ, ಮನೆಯ ಸ್ವಿಚ್‌ಬೋರ್ಡಿನಲ್ಲಿ ಆರಿಸಿ. ಪ್ಲಗ್ ಕೀಳುವಾಗ ಹಾರುವ ಒಂದು ಕಿಡಿಯೂ ಅಲ್ಲಿ ಹೆಚ್ಚೇ.

ತಮ್ಮ ಟ್ಯೂಬುಲರ್‌ನಂಥ ಸೀಸ-ಆಮ್ಲದ ಬ್ಯಾಟರಿ ಭರ್ತಿಯಾದ ನಂತರವೂ ವಿದ್ಯುತ್ ನುಗ್ಗುತ್ತಲೇ ಇದ್ದರೆ ಅದು ಒಳಗಿನ ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆ. ಒಂದು ಸೆಲ್ಲಿಗೆ ಸುಮಾರು 2.4 ವೋಲ್ಟ್, ಅಂದರೆ ಆರು ಸೆಲ್ಲುಗಳ ಬ್ಯಾಟರಿಗೆ 14.4 ದಾಟಿದ ಮೇಲೆ ಇದು ಜೋರಾಗುತ್ತದೆ, ತಮ್ಮಲ್ಲಿ 15.1 ಇದೆ. ಹತ್ತಕ್ಕೆ ಹಾಕಿದ ಚಾರ್ಜು ನಾಲ್ಕೈದು ಗಂಟೆಗಳಲ್ಲಿ ತುಂಬಿ, ಆಮೇಲೆ ಅನಿಲ ಏಳತೊಡಗುವುದರಿಂದಲೇ ಅಲಾರಂ ಎರಡು ಗಂಟೆಯ ನಂತರ ಕೂಗುತ್ತದೆ. ಟಿನ್ ಆಕ್ಸೈಡ್ ಸೆನ್ಸರಿಗೆ ಎಲ್‌ಪಿಜಿ ಯಾವುದು, ಜಲಜನಕ ಯಾವುದು ಎಂಬ ಭೇದ ಸರಿಯಾಗಿ ತಿಳಿಯುವುದಿಲ್ಲ.

ಜಲಜನಕ ಹಗುರ, ಮೇಲಕ್ಕೇರುತ್ತದೆ. ನೆಲದ ಬಳಿಯ ಅಲಾರಮ್ಮಿಗೆ ಹೇಗೆ ಸಿಕ್ಕಿತು ಎಂದು ತಾವು ಕೇಳಬಹುದು. ಅಲಾರಮ್ಮಿನ ಸ್ಕ್ರೂಗಳನ್ನು ಬಿಚ್ಚಿ ಅದರ ಬೆನ್ನ ಹಿಂದೆ ನೋಡಿ. ವೈರ್ ಹೊರತರಲು ಪ್ಲೈವುಡ್‌ನಲ್ಲಿ ಕೊರೆದ ತೂತು ಅಲ್ಲೇ ಇರಬೇಕು ಎಂದು ನನ್ನ ಊಹೆ. ಪೆಟ್ಟಿಗೆಗೆ ಬೇರೆ ಗಾಳಿದಾರಿ ಇಲ್ಲದಿದ್ದರೆ ತುಂಬಿದ ಅನಿಲವೆಲ್ಲ ಆ ತೂತಿನಿಂದ ನೇರವಾಗಿ ಸೆನ್ಸರಿನ ಮೇಲೆಯೇ ಬರುತ್ತದೆ.

ವಾಸನೆಯ ವಿಷಯ ಇನ್ನೂ ಗಂಭೀರವಾದದ್ದು. ಎಲ್‌ಪಿಜಿಗೆ ಸ್ವಂತ ವಾಸನೆಯಿಲ್ಲ. ಪತ್ತೆಯಾಗಲೆಂದು ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಕೊಳೆತ ಎಲೆಕೋಸಿನಂತೆ ನಾರುತ್ತದೆ. ತಾವು ಹೇಳಿದ ಕೊಳೆತ ಮೊಟ್ಟೆಯ ವಾಸನೆ, ಕಾದು ಬಳಲಿದ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಸಲ್ಫೈಡಿನದು. ಅದು ವಿಷ. ಪ್ರಮಾಣ ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯದಂತಾಗುವುದರಿಂದ, ವಾಸನೆ ಹೋಯಿತೆಂದು ಒಳಗೆ ಹೋಗಿ ಮಲಗುವುದು ಸರಿಯಲ್ಲ. ಜಲಜನಕವೂ ಗಾಳಿಯಲ್ಲಿ ಶೇಕಡಾ 4 ಮುಟ್ಟಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಈ ಕೂಗನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ – ಗೌರಿಬಿದನೂರು, ಗ್ಯಾಸ್ ಒಲೆ ರಿಪೇರಿ

ಮೇಡಂ ಅವರು ಹೇಳಿದ್ದನ್ನು ಮೊದಲು ಮಾಡಿ. ಆದರೆ ಬ್ಯಾಟರಿಯ ತಪ್ಪು ಸಿಕ್ಕಿತೆಂದು ಗ್ಯಾಸ್ ಲೈನನ್ನು ಮರೆಯಬೇಡಿ. ಗಾಡಿ ಹಳ್ಳದಿಣ್ಣೆಗಳಲ್ಲಿ ಕುಲುಕಿ ಜಾಯಿಂಟುಗಳು ಸಡಿಲವಾಗುತ್ತವೆ, ಅತಿ ಸಣ್ಣ ಸೋರಿಕೆ ಸೋಪಿನ ಗುಳ್ಳೆಗೆ ಕಾಣದೆಯೂ ಹೋಗಬಹುದು. ಮನೆಯ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಬಿಡುತ್ತದೆ. ಯು ಆಕಾರಕ್ಕೆ ಬಗ್ಗಿಸಿದ ಪಾರದರ್ಶಕ ಪೈಪಿನಲ್ಲಿ ಅದು ನೀರನ್ನು ಹೆಚ್ಚುಕಡಿಮೆ 30 ಸೆಂಟಿಮೀಟರ್ ಎತ್ತಿ ನಿಲ್ಲಿಸುತ್ತದೆ. ಒಲೆಯ ನಾಬುಗಳನ್ನೂ ರೆಗ್ಯುಲೇಟರನ್ನೂ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟಾಗ ನೀರು ಇಳಿಯದಿದ್ದರೆ ಲೈನು ಗಟ್ಟಿ. ಇದನ್ನು ಕೆಲಸ ಬಲ್ಲವರಿಂದ ಮಾಡಿಸಿ.

ಅಲಾರಮ್ಮಿನ ಹಿಂದಿನ ತೂತನ್ನು ಮುಚ್ಚಲು ಸಿಲಿಕಾನ್ ಸೀಲೆಂಟ್ ತರಬೇಡಿ. ಅದರ ಆವಿ ತಾಗಿದರೆ ಈ ಸೆನ್ಸರುಗಳು ಶಾಶ್ವತವಾಗಿ ಮಂಕಾಗುತ್ತವೆ, ಆಮೇಲೆ ನಿಜವಾದ ಗ್ಯಾಸಿಗೂ ಕೂಗುವುದಿಲ್ಲ. ತೂತಿನಲ್ಲಿ ವೈರ್ ಸುತ್ತ ಬಿಗಿಯಾಗಿ ಕೂರುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್, ಸಾಕು. ಅಲಾರಮ್ಮಿನ ಬೆನ್ನ ಮೇಲೆ ತಯಾರಿಕೆಯ ತಿಂಗಳು, ವರ್ಷ ಇರುತ್ತದೆ, ನೋಡಿ. ಸಾಮಾನ್ಯವಾಗಿ ಐದರಿಂದ ಏಳು ವರ್ಷಕ್ಕೆ ಬದಲಿಸುವುದು ಕ್ರಮ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅಲಾರಮ್ಮನ್ನು ಕೆಳಗೇ ಇರಿಸಿ, ಚಾವಣಿಗೆ ಏರಿಸಬೇಡಿ. ದಾರಿಯಲ್ಲಿ ಸೋರಿಕೆಯ ಅನುಮಾನ ಬಂದರೆ 1906ಕ್ಕೆ ಕರೆ ಮಾಡಬಹುದು, ಆದರೆ ಗಾಡಿಯಿಂದ ದೂರ ಹೋದ ಮೇಲೆ ಫೋನ್ ತೆಗೆಯಿರಿ.

ಪ್ರಶ್ನೆ ಕೇಳಿದವರು, ಹದಿನೈದು ದಿನಗಳ ನಂತರ

ಮೇಡಂ, ತೂತು ತಾವು ಹೇಳಿದ ಜಾಗದಲ್ಲೇ ಇತ್ತು, ಹೆಬ್ಬೆರಳು ತೂರುವಷ್ಟು ದೊಡ್ಡದು. ಪೆಟ್ಟಿಗೆಗೆ ಬೇರೆ ಗಾಳಿದಾರಿಯೇ ಇರಲಿಲ್ಲ. ಬ್ಯಾಟರಿಯಲ್ಲಿ ನೀರಿನ ಮಟ್ಟ ತೋರಿಸುವ ಆರು ಫ್ಲೋಟುಗಳಲ್ಲಿ ನಾಲ್ಕು ಕೆಂಪು ಗೆರೆಗಿಂತ ಕೆಳಗಿಳಿದಿದ್ದವು; ಮುಚ್ಚಳ ತೆರೆದರೆ ಎರಡು ಸೆಲ್ಲುಗಳಲ್ಲಿ ಪ್ಲೇಟುಗಳು ಒಣಗಿ ಕಾಣುತ್ತಿದ್ದವು. ಆ ಬ್ಯಾಟರಿಯನ್ನು ಅಂಗಡಿಗೆ ಹಿಂತಿರುಗಿಸಿ, ಹಳೆಯದರ ಬೆಲೆ ಕಳೆದು ಹೊಸದನ್ನು ತಂದೆ. ಅದಕ್ಕೆ ಗಾಡಿಯ ಒಳಗಿನ ಗಾಳಿ ತಾಗದಂತೆ, ಮೇಲ್ಭಾಗದಲ್ಲಿ ಹೊರಗೆ ತೆರೆದುಕೊಳ್ಳುವ ಕಿಂಡಿಯಿರುವ ಬೇರೆ ಡಬ್ಬ ಮಾಡಿಸಿದ್ದೇನೆ. ಹೊಸ ಚಾರ್ಜರ್ ಬ್ಯಾಟರಿ ತುಂಬಿದ ಮೇಲೆ ತಾನಾಗಿ 13.6ಕ್ಕೆ ಇಳಿಯುತ್ತದೆ, ಎರಡು ರಾತ್ರಿ ಮೀಟರ್ ಹಿಡಿದು ಕೂತು ನೋಡಿದ್ದೇನೆ.

ಗ್ಯಾಸ್ ಲೈನನ್ನು ನೀರಿನ ಪೈಪಿನಿಂದ ಪರೀಕ್ಷಿಸಿದಾಗ ಹತ್ತು ನಿಮಿಷದಲ್ಲಿ ಎರಡು ಬೆರಳಷ್ಟು ಇಳಿಯಿತು. ಒಲೆಯ ಎಡಗಡೆಯ ನಾಬು ಬಂದ್ ಇದ್ದಾಗಲೂ ತುಸು ಬಿಡುತ್ತಿತ್ತಂತೆ; ಬಿಚ್ಚಿ ಗ್ರೀಸ್ ಹಾಕಿ ಕೂರಿಸಿದ ಮೇಲೆ ನೀರು ನಿಂತಲ್ಲೇ ನಿಂತಿತು. ಅಲಾರಂ ಆರು ವರ್ಷ ಹಳೆಯದು, ಅದನ್ನೂ ಬದಲಿಸಿದೆ. ಸೋಮವಾರ ಪಾವಗಡಕ್ಕೆ ಹೊರಡುತ್ತಿದ್ದೇವೆ.