ಅಪ್‌ಡೇಟ್: ಸ್ಟೇರಿಂಗ್ ನಡುಕಕ್ಕೆ ಕಾರಣ ಎರೆಮಣ್ಣೇ

ಹೋದ ವಾರ ಕೇಳಿದ್ದೆ: ಅಣ್ಣಿಗೇರಿ ಕಡೆ ಹೊಲದ ದಾರಿಯಲ್ಲಿ ಜೀಪು ಓಡಿಸಿ ಬಂದೆ, ತೊಳೆಸಿದ ಮೇಲೂ 70 ದಾಟಿದರೆ ಸ್ಟೇರಿಂಗ್ ನಡುಗುತ್ತದೆ, ಏನು ಮಾಡಲಿ ಅಂತ. ಚಕ್ರದ ಒಳಮೈ ನೋಡಿ ಅಂದವರಿಗೆ ಶರಣು. ಬಿಚ್ಚಿದರೆ ರಿಮ್ಮಿನೊಳಗೆ ಒಂದೇ ಕಡೆ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಬ್ಯಾಲೆನ್ಸ್ ತಪ್ಪದೆ ಇನ್ನೇನು! ಈ ಮಣ್ಣು ಹಸಿಯಿದ್ದಾಗ ಅಂಟು, ಒಣಗಿದರೆ ಸಿಮೆಂಟು. ಹಸಿ ಗೋಣಿಚೀಲ ಹೊದಿಸಿ ಒಂದು ತಾಸು ಬಿಟ್ಟೆ, ಆಮೇಲೆ ಕಟ್ಟಿಗೆ ಚಕ್ಕೆಯಿಂದ ಎಬ್ಬಿಸಿದೆ. ಅಡಿಭಾಗಕ್ಕೆ ಪ್ರೆಷರ್ ನೀರು ಹೊಡೆದೆ. ರೇಡಿಯೇಟರಿಗೆ ಮಾತ್ರ ಸುಮ್ನೆ ಪೈಪಿನ ನೀರು, ಜೋರಾಗಿ ಹೊಡೆದರೆ ಅದರ ತೆಳು ತಗಡು ಬಾಗುತ್ತದೆ ಅಲ್ವಾ.

ಮರುದಿನ ಹುಬ್ಬಳ್ಳಿ ಬೈಪಾಸಿನಲ್ಲಿ 80ಕ್ಕೆ ಒಯ್ದೆ. ನಡುಕ ಇಲ್ಲ. ಬ್ರೇಕ್ ಇನ್ನೂ ಕಿರ್ ಅನ್ನುತ್ತಿದೆ, ಭಾನುವಾರ ಪ್ಯಾಡ್ ಬಿಚ್ಚಿ ನೋಡುತ್ತೇನೆ.