ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಎಸ್‌ಎಂಪಿಎಸ್ ಸ್ಟಿಕರ್ ಓದಿ

ಪ್ರಶ್ನೆ: ಸರ್, ನನ್ನ ಡೆಸ್ಕ್‌ಟಾಪ್‌ನಲ್ಲಿ ಕೋರ್ ಐ5-9400ಎಫ್ ಪ್ರೊಸೆಸರ್, 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಇವೆ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ವಿದ್ಯುತ್ ಒದಗಿಸುವ ಡಬ್ಬಿ) 450 ವ್ಯಾಟ್‌ನದು, ಕ್ಯಾಬಿನೆಟ್ ಜೊತೆಗೇ ಬಂದದ್ದು. ವಿಡಿಯೊ ಸಂಕಲನದ ಕೆಲಸಕ್ಕೆ ಆರ್‌ಟಿಎಕ್ಸ್ 3060 ಕಾರ್ಡ್ ಹಾಕಬೇಕೆಂದಿದ್ದೇನೆ. ಕಾರ್ಡ್‌ಗೆ 170 ವ್ಯಾಟ್, ಪ್ರೊಸೆಸರ್‌ಗೆ 65, ಒಟ್ಟು 235. ಅಂದರೆ 450ರ ಅರ್ಧಕ್ಕಿಂತ ತುಸು ಹೆಚ್ಚು. ಹೀಗಿದ್ದೂ ಕಾರ್ಡ್ ತಯಾರಕರು 550 ವ್ಯಾಟ್ ಬೇಕು ಎನ್ನುವುದೇಕೆ? ಇನ್ನೊಂದು ತೊಡಕು: ಈ ಎಸ್‌ಎಂಪಿಎಸ್‌ನಲ್ಲಿ ಇರುವುದು ಒಂದೇ 6 ಪಿನ್ ವೈರ್, ಕಾರ್ಡ್‌ಗೆ ಬೇಕಿರುವುದು 8 ಪಿನ್. 6ರಿಂದ 8ಕ್ಕೆ ಬದಲಿಸುವ ಅಡಾಪ್ಟರ್ ಹಾಕಿ ನಡೆಸಬಹುದೇ? ಸ್ಟಿಕರ್ ಮೇಲೆ +12 ವೋಲ್ಟ್ ಸಾಲಿನಲ್ಲಿ 25 ಆಂಪಿಯರ್ ಎಂದಿದೆ.

ಉತ್ತರ: ದಯವಿಟ್ಟು ಹಾಗೆ ನಡೆಸಬೇಡಿ. ಸ್ಟಿಕರ್ ನೋಡಿ ಬರೆದದ್ದು ಬಹಳ ಒಳ್ಳೆಯದಾಯಿತು, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಎಸ್‌ಎಂಪಿಎಸ್ 3.3, 5 ಮತ್ತು 12 ವೋಲ್ಟ್ ಎಂದು ಬೇರೆ ಬೇರೆ ಸಾಲುಗಳಲ್ಲಿ ವಿದ್ಯುತ್ ಕೊಡುತ್ತದೆ. ಇಂದಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು 12 ವೋಲ್ಟ್ ಸಾಲಿನ ಮೇಲೆ. 25 ಆಂಪಿಯರನ್ನು 12ರಿಂದ ಗುಣಿಸಿ: 300 ವ್ಯಾಟ್. ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು ಅಷ್ಟೇ. ಡಬ್ಬಿಯ ಮೇಲಿನ 450ರಲ್ಲಿ ಮಿಕ್ಕದ್ದೆಲ್ಲ 3.3 ಮತ್ತು 5 ವೋಲ್ಟ್ ಸಾಲುಗಳದ್ದು, ಅದರಿಂದ ಕಾರ್ಡ್‌ಗೆ ಪ್ರಯೋಜನವಿಲ್ಲ.

ಈಗ ಖರ್ಚಿನ ಕಡೆ ನೋಡಿ. 65 ವ್ಯಾಟ್ ಎಂಬುದು ಪ್ರೊಸೆಸರ್ ತನ್ನ ಮೂಲ ವೇಗದಲ್ಲಿ ಓಡುವಾಗಿನ ಲೆಕ್ಕ. ರೆಂಡರ್ (ಸಂಕಲಿಸಿದ ವಿಡಿಯೊವನ್ನು ಅಂತಿಮ ಫೈಲ್ ಆಗಿ ತಯಾರಿಸುವ ಕೆಲಸ) ಶುರುವಾಗಿ ಆರೂ ಕೋರ್‌ಗಳು ವೇಗ ಹೆಚ್ಚಿಸಿಕೊಂಡಾಗ ಅದು ಸ್ವಲ್ಪ ಹೊತ್ತು ಆ ಗಡಿಯನ್ನು ದಾಟುತ್ತದೆ. 80 ಎಂದೇ ಇಟ್ಟುಕೊಳ್ಳೋಣ. ಮದರ್‌ಬೋರ್ಡ್, ಫ್ಯಾನ್, ಹಾರ್ಡ್ ಡಿಸ್ಕ್ ಸೇರಿ 40. ಕಾರ್ಡ್‌ಗೆ 170. ಒಟ್ಟು 290! ಮಿಗುವುದು ಹತ್ತು ವ್ಯಾಟ್.

ಆ ಹತ್ತೂ ನಿಲ್ಲುವುದಿಲ್ಲ. 170 ಎಂಬುದು ಸರಾಸರಿ ಮಾತ್ರ. ಇಂದಿನ ಕಾರ್ಡ್‌ಗಳು ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಸರಾಸರಿಗಿಂತ ಎಷ್ಟೋ ಹೆಚ್ಚು ವಿದ್ಯುತ್ತನ್ನು ಒಮ್ಮೆಲೇ ಎಳೆಯುತ್ತವೆ. ಒಳ್ಳೆಯ ಎಸ್‌ಎಂಪಿಎಸ್ ಅದನ್ನು ತಾಳಿಕೊಳ್ಳುತ್ತದೆ. ದುರ್ಬಲವಾದದ್ದು ತನ್ನ ರಕ್ಷಣೆಗಾಗಿ ಆಫ್ ಆಗುತ್ತದೆ. ರಕ್ಷಣೆಯ ವ್ಯವಸ್ಥೆಯೇ ಸರಿಯಿಲ್ಲದಿದ್ದರೆ ಸುಟ್ಟುಹೋಗುತ್ತದೆ, ಹೋಗುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಈ ಏರಿಳಿತ ತೀರ ಹೆಚ್ಚಿದ್ದರಿಂದಲೇ 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡವು 450 ವ್ಯಾಟ್‌ಗೆ ಮೇಲ್ಪಟ್ಟ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೊಸೆಕೆಂಡ್ ತಾಳಬೇಕು ಎಂದು ವಿಧಿಸಿತು. ತಯಾರಕರು 550 ಎನ್ನುವುದು ಈ ಏರಿಳಿತಕ್ಕೂ, ಸ್ಟಿಕರ್ ಮೇಲೆ ಉಬ್ಬಿಸಿ ಬರೆಯುವವರಿಗೂ ಸೇರಿಸಿಯೇ.

ಇಷ್ಟು ದಿನ ಯಾವ ತೊಂದರೆಯೂ ಇರಲಿಲ್ಲವಲ್ಲ ಎಂದು ನಿಮಗೆ ಅನಿಸಬಹುದು. 1050 ಟಿಐ 75 ವ್ಯಾಟ್‌ನ ಕಾರ್ಡ್. ಅದಕ್ಕೆ ಬೇಕಾದದ್ದನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡಬಲ್ಲದು. ಸ್ಲಾಟಿನ ಮಿತಿಯೂ ಸರಿಯಾಗಿ 75.

ಇನ್ನು ಅಡಾಪ್ಟರ್ ವಿಷಯ. 6 ಪಿನ್ ವೈರ್‌ಗೆ ಗೊತ್ತುಪಡಿಸಿರುವುದು 75 ವ್ಯಾಟ್, 8 ಪಿನ್‌ಗೆ 150. ಹೆಚ್ಚುವರಿ ಎರಡು ಪಿನ್‌ಗಳಲ್ಲಿ 12 ವೋಲ್ಟ್ ಬರುವುದಿಲ್ಲ. ಒಂದು ಗ್ರೌಂಡ್ (ವಿದ್ಯುತ್ ಮರಳುವ ದಾರಿ), ಇನ್ನೊಂದು ಬರಿಯ ಸಂಕೇತ: ‘ನಿನ್ನ ಹಿಂದೆ 150 ವ್ಯಾಟ್ ಕೊಡಬಲ್ಲ ವೈರ್ ಇದೆ’ ಎಂದು ಕಾರ್ಡ್‌ಗೆ ತಿಳಿಸುವುದು. ಅಡಾಪ್ಟರ್ ಹಾಕಿದರೆ ವೈರ್ ದಪ್ಪವಾಗುವುದಿಲ್ಲ, ಕಾರ್ಡ್‌ಗೆ ಸುಳ್ಳು ಹೇಳಿದಂತಾಗುತ್ತದೆ, ಅಷ್ಟೇ. ಕಾರ್ಡ್ ಆ ಮಾತನ್ನು ನಂಬಿ ಎಳೆಯುತ್ತದೆ. ಹಾರ್ಡ್ ಡಿಸ್ಕ್‌ಗೆ ವಿದ್ಯುತ್ ಒಯ್ಯುವ ಸಾಟಾ ವೈರ್‌ನಿಂದ ಕಾರ್ಡ್‌ಗೆ ಕೊಡುವ ಅಡಾಪ್ಟರ್ ಇನ್ನೂ ಅಪಾಯಕಾರಿ. ಸಾಟಾ ಕನೆಕ್ಟರಿನ 12 ವೋಲ್ಟ್ ಪಿನ್‌ಗಳು ಹೊರುವುದು ಒಟ್ಟು 54 ವ್ಯಾಟ್. ಅದು ಕರಗಿದ್ದನ್ನು ನನ್ನ ಮೇಜಿನ ಮೇಲೆ ನೋಡಿದ್ದೇನೆ: ಕಪ್ಪು ಪ್ಲಾಸ್ಟಿಕ್ ಕಂದಾಗಿ ಪಿನ್‌ಗಳಿಗೆ ಅಂಟಿಕೊಂಡು, ಎಳೆದರೂ ಬಿಡುತ್ತಿರಲಿಲ್ಲ.

ಆದ್ದರಿಂದ ಮೊದಲು ಎಸ್‌ಎಂಪಿಎಸ್ ಬದಲಿಸಿ, ಆಮೇಲೆ ಕಾರ್ಡ್. 550 ವ್ಯಾಟ್‌ನದು ಸಾಕು. 12 ವೋಲ್ಟ್ ಸಾಲಿನಲ್ಲಿ 45 ಆಂಪಿಯರ್ ಆಸುಪಾಸು ಇರಲಿ, 6+2 ಪಿನ್ ವೈರ್ (ಎರಡು ತುಂಡು ಸೇರಿ 8 ಪಿನ್ ಆಗುವಂಥದ್ದು) ಎಸ್‌ಎಂಪಿಎಸ್‌ನಿಂದಲೇ ಹೊರಟಿರಲಿ. ಕೊಳ್ಳುವ ಮುನ್ನ ಕ್ಯಾಬಿನೆಟ್ಟಿನ ಹಿಂದಿನ ಪಟ್ಟಿಯಿಂದ ಮುಂದಿನ ಫ್ಯಾನ್‌ವರೆಗೆ ಅಳತೆ ತೆಗೆಯಿರಿ. ಮೂರು ಫ್ಯಾನ್‌ನ ಕೆಲವು ಕಾರ್ಡ್‌ಗಳು 30 ಸೆಂಟಿಮೀಟರ್ ದಾಟುತ್ತವೆ.

ಅದೇ ಸದಸ್ಯರು: ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದ ಸರ್. 80 ಪ್ಲಸ್ ಗೋಲ್ಡ್ ಎಂದು ಇದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದೇ?

ಉತ್ತರ: ಕಣ್ಣು ಮುಚ್ಚಬೇಡಿ. ಆ ಮುದ್ರೆ ಹೇಳುವುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ತಲುಪಿತು ಎಂಬುದನ್ನು ಮಾತ್ರ. 300 ವ್ಯಾಟ್ ಬೇಕಾದಾಗ ಶೇ 85ರ ದಕ್ಷತೆಯದು ಗೋಡೆಯಿಂದ ಸುಮಾರು 353 ವ್ಯಾಟ್ ಎಳೆಯುತ್ತದೆ, ಶೇ 90ರದು 333. ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಒಳಗಿನ ಕೆಪಾಸಿಟರ್ ಎಷ್ಟು ವರ್ಷ ಬಾಳುತ್ತದೆ, ಹೆಚ್ಚು ಕರೆಂಟ್ ಹರಿದಾಗ ಎಸ್‌ಎಂಪಿಎಸ್ ತಾನಾಗಿ ಕಡಿತಗೊಳಿಸುತ್ತದೆಯೇ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಬಿಚ್ಚಿ ಪರೀಕ್ಷಿಸಿ ಬರೆದ ವಿಮರ್ಶೆ ಇರುವ ಮಾದರಿಯನ್ನೇ ಆರಿಸಿ, ವಾರಂಟಿ ಎಷ್ಟು ವರ್ಷವೆಂದು ನೋಡಿ. ಗೋಲ್ಡ್‌ಗಿಂತ ಕೆಳಗಿನ ಬ್ರಾಂಜ್ ಮುದ್ರೆಯ ಗಟ್ಟಿಮುಟ್ಟಾದ ಎಸ್‌ಎಂಪಿಎಸ್‌ಗಳೂ ಇವೆ.

ಮತ್ತೊಬ್ಬ ಸದಸ್ಯರು: ನನ್ನದು ಮಾಡ್ಯುಲರ್ ಎಸ್‌ಎಂಪಿಎಸ್, ಅಂದರೆ ವೈರ್‌ಗಳನ್ನು ಡಬ್ಬಿಯಿಂದ ಬಿಡಿಸಬಹುದಾದದ್ದು. ಅದೇ ಕಂಪನಿಯ ದೊಡ್ಡದನ್ನು ತರುತ್ತಿದ್ದೇನೆ. ವೈರ್‌ಗಳನ್ನೆಲ್ಲ ಚೆನ್ನಾಗಿ ಹೊಂದಿಸಿ ಕಟ್ಟಿಯಾಗಿದೆ. ಹಳೆಯ ವೈರ್‌ಗಳನ್ನೇ ಉಳಿಸಿಕೊಂಡು ಡಬ್ಬಿಯನ್ನಷ್ಟೇ ಬದಲಿಸಬಹುದೇ?

ಉತ್ತರ: ಖಂಡಿತ ಬೇಡ. ಈ ಒಂದು ಮಾತನ್ನು ಎಲ್ಲರೂ ಗಮನವಿಟ್ಟು ಓದಿ. ಮದರ್‌ಬೋರ್ಡ್, ಕಾರ್ಡ್, ಡಿಸ್ಕ್ ಕಡೆಯ ತುದಿಯಲ್ಲಿ ಯಾವ ಪಿನ್‌ನಲ್ಲಿ ಏನಿರಬೇಕೆಂಬುದಕ್ಕೆ ಮಾನದಂಡವಿದೆ. ಎಸ್‌ಎಂಪಿಎಸ್‌ಗೆ ಸಿಕ್ಕಿಸುವ ತುದಿಗೆ ಅಂಥ ಮಾನದಂಡವಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಅದು ಬೇರೆಯಾಗಿರಬಹುದು. ಪ್ಲಗ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಬರಬೇಕಾದ ಕಡೆ 12 ಬಂದು ಹಾರ್ಡ್ ಡಿಸ್ಕ್ ಸಾಯುತ್ತದೆ. ಅದರಲ್ಲಿ ಮನೆಯವರ ಫೋಟೊಗಳಿದ್ದರೆ ಹೊಸ ಡಿಸ್ಕ್ ತಂದರೂ ಅವು ಬರುವುದಿಲ್ಲ. ಹೊಸ ಎಸ್‌ಎಂಪಿಎಸ್ ಜೊತೆ ಬಂದ ವೈರ್‌ಗಳನ್ನೇ ಹಾಕಿ, ಹಳೆಯವನ್ನು ಹಳೆಯ ಎಸ್‌ಎಂಪಿಎಸ್ ಜೊತೆಗೇ ಕಟ್ಟಿಡಿ.

ಇದೇ ಹೊತ್ತಿನಲ್ಲಿ ಇನ್ನೊಂದು ಎಚ್ಚರಿಕೆ. ಪ್ರೊಸೆಸರಿನ 8 ಪಿನ್ ಮತ್ತು ಕಾರ್ಡಿನ 8 ಪಿನ್ ನೋಡಲು ಒಂದೇ ತರಹ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಪ್ರೊಸೆಸರಿನದು ಸಾಮಾನ್ಯವಾಗಿ 4+4 ಆಗಿ ಸೀಳುತ್ತದೆ, ಕಾರ್ಡಿನದು 6+2 ಆಗಿ. ಸಿಕ್ಕಿಸುವಾಗ ಬಿಗಿಯೆನಿಸಿದರೆ ಒತ್ತಬೇಡಿ, ತೆಗೆದು ನೋಡಿ.

ಮೊದಲ ಸದಸ್ಯರು: ಸರ್, ಹೊಸ ಎಸ್‌ಎಂಪಿಎಸ್, ಕಾರ್ಡ್ ಎರಡನ್ನೂ ಹಾಕಿದೆ. ಫ್ಯಾನ್‌ಗಳು ತಿರುಗುತ್ತಿವೆ, ಪರದೆ ಮಾತ್ರ ಕಪ್ಪು. ಕಾರ್ಡ್ ಕೆಟ್ಟಿದೆಯೇ?

ಉತ್ತರ: ಅಷ್ಟು ಬೇಗ ಹೆದರಬೇಡಿ. ಮಾನಿಟರಿನ ವೈರ್ ಎಲ್ಲಿ ಸಿಕ್ಕಿಸಿದ್ದೀರಿ ನೋಡಿ. 9400ಎಫ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಹಾಗಾಗಿ ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ಏನೂ ಬರುವುದಿಲ್ಲ. ಅದು ಸರಿಯಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಕಾರ್ಡನ್ನು ಸ್ಲಾಟಿನಿಂದ ಬಿಡಿಸಿ ಮತ್ತೆ ಕೂರಿಸಿ. ಸ್ಲಾಟಿನ ತುದಿಯ ಚಿಲಕ ‘ಟಕ್’ ಎನ್ನಬೇಕು. 8 ಪಿನ್‌ನ ಚಿಲಕವನ್ನೂ ಬೆರಳಿಂದ ಮುಟ್ಟಿ ನೋಡಿ; 6+2ರಲ್ಲಿ ಆ ಎರಡು ಪಿನ್‌ನ ತುಂಡು ಅರ್ಧ ಕೂತು ನಿಲ್ಲುವುದು ಬಹಳ ಸಾಮಾನ್ಯ.

ಅದೇ ಸದಸ್ಯರು: ಆ ಎರಡು ಪಿನ್‌ನ ತುಂಡೇ ಹೊರಗೆ ನಿಂತಿತ್ತು ಸರ್! ಒತ್ತಿದೆ, ಪರದೆ ಬಂತು. ಹಳೆಯ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ತೆಗೆಯಬೇಕೇ?

ಉತ್ತರ: ಸಂತೋಷ. ಎರಡೂ ಎನ್‌ವಿಡಿಯಾ ಕಾರ್ಡ್‌ಗಳೇ ಆದ್ದರಿಂದ ಬೇರೆಯಾಗಿ ತೆಗೆಯಬೇಕಿಲ್ಲ. ಹೊಸ ಡ್ರೈವರ್ ಇಳಿಸಿ, ಹಾಕುವಾಗ ‘ಕ್ಲೀನ್ ಇನ್‌ಸ್ಟಾಲ್’ ಆಯ್ಕೆಗೆ ಗುರುತು ಹಾಕಿ. ಆಮೇಲೆ ಒಂದು ಉದ್ದನೆಯ ರೆಂಡರ್ ಓಡಲು ಬಿಟ್ಟು ಕಾರ್ಡಿನ ಬಿಸಿ ಎಷ್ಟಕ್ಕೆ ಏರುತ್ತದೆ ಎಂದು ಇಲ್ಲಿ ಬರೆಯಿರಿ. 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕ್ಯಾಬಿನೆಟ್ಟಿನ ಗಾಳಿಯ ಹಾದಿ ನೋಡೋಣ.